ಹಗಲುವೇಷ (ಚಲನಚಿತ್ರ)

ಬರಗೂರು ರಾಮಚಂದ್ರಪ್ಪ ನಿರ್ದೇಶಿಸಿದ ಕನ್ನಡ ಚಿತ್ರ, 2000ರಲ್ಲಿ ತೆರೆಕಂಡಿತು. ನಾಯಕ ಶಿವರಾಜಕುಮಾರ್. ವೇಷ ಹಾಕಿ ಹೊಟ್ಟೆ ಹೊರೆಯುವ ಅಲೆಮಾರಿ ಕಲಾವಿದರನ್ನೇ ಕಥೆಯ ನಡುವೆ ನಿಲ್ಲಿಸಿದ ಅಪರೂಪದ ಚಿತ್ರವಿದು. ಕಥೆ ನಡೆಯುವುದು ಬ್ರಿಟಿಷರ ಕಾಲದಲ್ಲಿ.

ನಿರ್ದೇಶಕರು ತುಮಕೂರು ಜಿಲ್ಲೆ ಸಿರಾ ತಾಲ್ಲೂಕಿನ ಬರಗೂರಿನವರು (ಜನನ 1946). 1979ರ ಬಂಡಾಯ ಸಾಹಿತ್ಯ ಸಂಘಟನೆಯ ಮುಂದಾಳುಗಳಲ್ಲಿ ಒಬ್ಬರು. 2016ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. 'ಒಂದು ಊರಿನ ಕಥೆ', 'ಬೆಂಕಿ', 'ಕೋಟೆ' ಅವರ ಹಿಂದಿನ ಚಿತ್ರಗಳು.

ಚಿತ್ರಕ್ಕೆ ಹೆಸರು ಕೊಟ್ಟ ಜನಪದ ಕಲೆ ಹಗಲುವೇಷಕ್ಕೆ ರಂಗಮಂದಿರವಿಲ್ಲ, ಟಿಕೆಟ್ಟಿಲ್ಲ. ಮುಖಕ್ಕೆ ಬಣ್ಣ ಬಳಿದು, ಕಿರೀಟ ಕಟ್ಟಿ, ಹಾರ್ಮೋನಿಯಂ, ತಬಲದೊಡನೆ ಮೇಳ ಬೀದಿಗಿಳಿಯುತ್ತದೆ. ಹಾಡು, ಕುಣಿತ, ಮಾತು ಎಲ್ಲ ಮನೆಯ ಮುಂದೆಯೇ. ಹೆಣ್ಣುಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಾರೆ. ಒಂದೇ ಊರಿನಲ್ಲಿ ಹಲವು ದಿನ ಬಿಡಾರ ಹೂಡಿ, ದಿನಕ್ಕೊಂದು ವೇಷ ತೋರಿಸಿ, ಕೊನೆಯ ದಿನ ಮನೆಮನೆಗೂ ಹೋಗಿ ದವಸ, ದುಡ್ಡು ಪಡೆಯುವುದು ರೂಢಿ. ರಾತ್ರಿಯ ಬಯಲಾಟಕ್ಕೆ ಪಂಜಿನ ಬೆಳಕಿನ ಆಸರೆಯಾದರೂ ಇರುತ್ತಿತ್ತು. ಇಲ್ಲಿ ಕಲಾವಿದ ಉರಿಬಿಸಿಲಿನಲ್ಲಿ, ನೋಡುವವರ ಕಣ್ಣೆದುರೇ ರಾಮನಾಗಬೇಕು. ಇಷ್ಟು ಕಷ್ಟದ ಅಭಿನಯ ಕಡಿಮೆ. ತೆಲುಗು ಸೀಮೆಯಲ್ಲಿ ಇದೇ ಕಲೆ 'ಪಗಟಿ ವೇಷಾಲು'. ನಿರ್ದೇಶಕರ ಜಿಲ್ಲೆಯದೇ ಆದ, ಬಹುತೇಕ ಆಂಧ್ರದ ನೆಲ ಸುತ್ತುವರಿದ ಪಾವಗಡಕ್ಕೆ ಈ ತೆಲುಗು ನಂಟು ಹೊಸದಲ್ಲ.

ಚಿತ್ರದ ದೊಡ್ಡ ಗುಣ, ಜನಪ್ರಿಯ ನಟನೊಬ್ಬನ ತಾರಾಮೌಲ್ಯವನ್ನು ಬೀದಿ ಕಲಾವಿದರ ಮಾನಕ್ಕಾಗಿ ದುಡಿಸಿಕೊಂಡದ್ದು. ವೇಷಗಾರ ಇಲ್ಲಿ ಕನಿಕರದ ಪಾತ್ರವಲ್ಲ; ಪರರ ಆಳ್ವಿಕೆಗೆ ಎದುರಾಗಿ ನಿಲ್ಲಬಲ್ಲವನು.