ಹಂಚಿನ ಒಳಮೈಯ ಬರಹ

ಹಳೆಯ ಮನೆಯನ್ನು ಕೆಡವುವಲ್ಲಿ ಪಕ್ಕಾಸು ರೀಪುಗಳ ಮೇಲಿಂದ ಇಳಿಸಿ ಅಂಗಳದಲ್ಲಿ ಒಟ್ಟಿದ ಹಂಚುಗಳನ್ನು ಒಂದೊಂದಾಗಿ ಮಗುಚಿ, ಒಳಮೈಯ ಉಬ್ಬಕ್ಷರಗಳನ್ನು ಧೂಳೊರಸಿ ಓದುವ ಸಂಗ್ರಾಹಕರು ಮಂಗಳೂರಿನಲ್ಲಿ ಈಗ ಅಪರೂಪವಲ್ಲ. 1865 ಎಂಬ ಅಂಕಿ ಕಂಡೊಡನೆ ಒಂದೂವರೆ ಶತಮಾನದ ಪ್ರಾಚೀನ ವಸ್ತು ದೊರಕಿತೆಂದು ಅವರಲ್ಲಿ ಹಲವರು ಹಿಗ್ಗುವರು. ಆ ಹಿಗ್ಗಿಗೆ ಆಧಾರ ಸಾಲದು. ಅದು ಕಾರ್ಖಾನೆಯ ಜನ್ಮವರ್ಷವೇ ಹೊರತು ಹಂಚಿನದಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರದಿಂದ ಜಾತಿಬಾಹ್ಯರಾಗಿ ಕುಲವೃತ್ತಿಯನ್ನೂ ನೆಲೆಯನ್ನೂ ಕಳೆದುಕೊಂಡವರ ಜೀವನೋಪಾಯದ ಹೊಣೆಯನ್ನು ತಾನೇ ಹೊರಬೇಕಾಗಿ ಬಂದುದರಿಂದ, ಮುದ್ರಣ, ನೇಯ್ಗೆಗಳಂತಹ ಉದ್ಯಮಗಳನ್ನು ಒಂದರ ಹಿಂದೊಂದರಂತೆ ಕೈಗೊಂಡಿತು. ಯಂತ್ರಕುಶಲನಾಗಿದ್ದ ಜಾರ್ಜ್ ಪ್ಲೆಬ್ಸ್ಟ್, ಇಲ್ಲಿನ ನದೀತೀರದ ಆವೆಮಣ್ಣಿನ ಗುಣವನ್ನು ಪರೀಕ್ಷಿಸಿ ತಿಳಿದು, 1865ರಲ್ಲಿ ನೇತ್ರಾವತಿಯ ಸಮೀಪದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಅಲ್ಲಿಯವರೆಗೆ ಮುಳಿಹುಲ್ಲು, ತೆಂಗಿನ ಮಡಲು, ಕುಂಬಾರನ ನಾಡಹಂಚುಗಳನ್ನೇ ಬಲ್ಲ ಈ ಮಳೆನಾಡಿಗೆ ಒಂದರ ತೋಡಿನಲ್ಲಿ ಇನ್ನೊಂದರ ಏಣು ಕೂಡಿಕೊಳ್ಳುವ ಚಪ್ಪಟೆ ಹಂಚು ಹೊಸತು. ಆದರೆ ಆ ರಚನೆ ಮಂಗಳೂರಿನಲ್ಲಿ ಹುಟ್ಟಿದುದಲ್ಲ. ಅಲ್ಸೇಸ್ ಪ್ರಾಂತದ ಜಿಲಾರ್ಡೋನಿ ಸಹೋದರರು 1841ರಲ್ಲಿಯೇ ಅಂತಹುದಕ್ಕೆ ಪೇಟೆಂಟ್ ಹಕ್ಕು ಪಡೆದಿದ್ದರು.

ಇನ್ನು ಗುರುತಿಸುವ ವಿಷಯ. ಅಂಕಿಯನ್ನು ಬದಿಗಿಟ್ಟು ಹೆಸರನ್ನು ಓದತಕ್ಕದ್ದು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರವು ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು, ಯುದ್ಧಾನಂತರ ಅವನ್ನು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತಷ್ಟೆ. ಹೊಸ ಒಡೆಯರು ಹೆಸರನ್ನು ಬದಲಿಸಿದರೂ 1865ನ್ನು ಬಿಟ್ಟುಕೊಡಲಿಲ್ಲ. ಆದ್ದರಿಂದ ಬಾಸೆಲ್ ಮಿಶನ್ನಿನ ಮುದ್ರೆಯುಳ್ಳದ್ದು ಆ ಹಸ್ತಾಂತರಕ್ಕೆ ಹಿಂದಿನದೆಂದೂ, ಟ್ರಸ್ಟಿನ ಮುದ್ರೆಯುಳ್ಳದ್ದು ಈಚಿನದೆಂದೂ ಧೈರ್ಯವಾಗಿ ಹೇಳಬಹುದು. ಈ ಊರಿನವರೇ ನಡೆಸಿದ ಆಲ್ಬುಕರ್ಕ್ ಕಾರ್ಖಾನೆಯ 1868ನ್ನೂ ಇದೇ ಎಚ್ಚರದಿಂದ ಓದಬೇಕು. ಮಿಶನ್ನಿನ ಹೆಸರಿದ್ದ ಮಾತ್ರಕ್ಕೆ ಜೆಪ್ಪುವಿನದೆಂದು ಭ್ರಮಿಸುವಂತೆಯೂ ಇಲ್ಲ. ಕುದ್ರೋಳಿ, ಮಲ್ಪೆಗಳಲ್ಲಿಯೂ ಮಲಬಾರಿನ ಕಲ್ಲಿಕೋಟೆ, ಕೊಡಕ್ಕಲ್, ಫೆರೋಕ್‌ಗಳಲ್ಲಿಯೂ ಅದರ ಆವೆಗಳು ಉರಿಯುತ್ತಿದ್ದುವು. ‘ಮಂಗಳೂರು ಹಂಚು’ ಎಂಬುದಂತೂ ಕಾಲಕ್ರಮದಲ್ಲಿ ಊರಿನ ಗುರುತಾಗಿ ಉಳಿಯದೆ ಮಾದರಿಯ ಹೆಸರಾಗಿ, ಭಾರತೀಯ ಮಾನಕ ಸಂಸ್ಥೆಯ 654ನೆಯ ಮಾನಕದಲ್ಲಿ ಸೇರಿಹೋಗಿದೆ.

ಒಂದು ಹಂಚಿನಿಂದ ಇಡೀ ಮನೆಯ ಕಾಲವನ್ನು ನಿರ್ಣಯಿಸುವ ಉತ್ಸಾಹವೂ, ನನ್ನ ಮತದಲ್ಲಿ, ಅಷ್ಟೇ ಅಪಾಯಕರ. ತೆಂಗಿನಕಾಯಿ ಬಿದ್ದೋ ಮಂಗಗಳು ಹಾರಿಯೋ ಒಡೆದುವನ್ನು ಮಳೆಗಾಲಕ್ಕೆ ಮುಂಚೆ ಬದಲಿಸುತ್ತ ಬಂದ ಮಾಡಿನಲ್ಲಿ ಮೂರು ತಲೆಮಾರುಗಳ ಹಂಚುಗಳು ಕಲೆತಿರುವುದುಂಟು. ಆದರೆ ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ಕೂದಲೆಳೆಯ ವ್ಯತ್ಯಾಸವಿದ್ದರೂ ಏಣು ತೋಡಿನಲ್ಲಿ ಸರಿಯಾಗಿ ಕೂರದೆ ಸೋರತೊಡಗುವುದರಿಂದ, ಮಾಡು ಹೊದೆಸುವ ಕೆಲಸಗಾರರು ಸಂಗ್ರಾಹಕರಿಗಿಂತ ಬಹುಮುಂಚೆಯೇ ಮುದ್ರೆ ಓದುವ ಈ ವಿದ್ಯೆಯಲ್ಲಿ ನುರಿತಿದ್ದರು. ಜಾಣರಾದ ಮನೆಯ ಯಜಮಾನರು ಹೊದಿಕೆಯ ಕಾಲಕ್ಕೇ ಅದೇ ಮುದ್ರೆಯ ಹಂಚುಗಳನ್ನು ಹೆಚ್ಚಾಗಿ ಕೊಂಡು ಅಟ್ಟದಲ್ಲಿಡುತ್ತಿದ್ದರು.