ಪ್ರೇಮಪತ್ರ ತೆರೆದವರದ್ದೇ ತಪ್ಪಾ?

2000ನೇ ಇಸವಿ, ಮೇ 4. ಗುರುವಾರ. ಆಫೀಸಿಗೆ ಬಂದು ಬ್ಯಾಗ್ ಇಟ್ಟು, ಕಂಪ್ಯೂಟರ್ ಆನ್ ಮಾಡಿ, ಜನ ಕಾಫಿಗೆ ಎದ್ದು ಹೋಗುವ ಹೊತ್ತು. ವಾಪಸ್ ಬಂದು ನೋಡಿದರೆ ಇನ್‌ಬಾಕ್ಸ್‌ನಲ್ಲಿ ಒಂದು ಮೇಲ್. ಕಳಿಸಿದವರು ಯಾರೋ ಅಪರಿಚಿತರಲ್ಲ. ಪಕ್ಕದ ಸೆಕ್ಷನ್ನಿನವರು, ಇಲ್ಲಾ ದಿನಾ ಮುಖ ಗಂಟು ಹಾಕಿಕೊಂಡು ಓಡಾಡುವ ಬಾಸು. ವಿಷಯ ಏನು ಗೊತ್ತಾ? ಐ ಲವ್ ಯೂ!

ನೀವಾಗಿದ್ದರೆ ಏನು ಮಾಡ್ತಿದ್ರಿ? ಎದೆ ಮುಟ್ಟಿಕೊಂಡು ಹೇಳಿ.

ತೆರೀತಿದ್ರಿ. ಎಲ್ಲರೂ ತೆರೆದರು. ಒಳಗೆ ಒಂದೇ ಸಾಲು, ಜೊತೆಗಿರುವ ಪ್ರೇಮಪತ್ರವನ್ನು ದಯವಿಟ್ಟು ನೋಡಿ ಅಂತ. ಕೆಳಗೊಂದು ಅಟ್ಯಾಚ್‌ಮೆಂಟು. ಅದರ ಮೇಲೆ ಕ್ಲಿಕ್ ಮಾಡಿದ ಮರುಕ್ಷಣ, ಆ ಕಂಪ್ಯೂಟರಿನ ವಿಳಾಸಪುಸ್ತಕದಲ್ಲಿದ್ದ ಪ್ರತಿಯೊಬ್ಬರಿಗೂ ಅದೇ ಪ್ರೇಮಪತ್ರ ಹೊರಟುಹೋಯಿತು. ನಿಮ್ಮ ಹೆಸರಿನಲ್ಲಿ. ನಿಮ್ಮ ಬೀಗರಿಗೆ, ನಿಮ್ಮ ಬ್ಯಾಂಕಿನವರಿಗೆ, ನಿಮ್ಮ ಮೇಲಧಿಕಾರಿಗೆ. ಅಷ್ಟರಲ್ಲಿ ಒಳಗೆ ಕೂತ ಹುಳ ನಿಮ್ಮ ಫೋಟೋ ಫೈಲುಗಳನ್ನು ಹುಡುಕಿ ಹುಡುಕಿ, ಅದರ ಜಾಗದಲ್ಲಿ ತನ್ನನ್ನೇ ಬರೆದುಕೊಳ್ಳುತ್ತಿತ್ತು.

ಮನಿಲಾದಲ್ಲಿ ಹುಟ್ಟಿದ್ದು ಸೂರ್ಯನ ಜೊತೆಗೇ ಪಶ್ಚಿಮಕ್ಕೆ ಹೊರಟಿತು. ಯಾವ ದೇಶದಲ್ಲಿ ಆಫೀಸಿನ ಬಾಗಿಲು ತೆರೆಯಿತೋ ಅಲ್ಲಿಗೆ ಇದೂ ಬಂತು. ಹಾಂಕಾಂಗ್, ಯುರೋಪ್, ಆಮೇಲೆ ಅಮೆರಿಕ. ಬ್ರಿಟನ್ನಿನ ಸಂಸತ್ತು ತನ್ನ ಇ-ಮೇಲ್ ವ್ಯವಸ್ಥೆಯನ್ನೇ ಬಂದ್ ಮಾಡಿ ಕೂತಿತು. ಪೆಂಟಗನ್, ಸಿಐಎ, ಯಾರನ್ನೂ ಬಿಡಲಿಲ್ಲ. ಜರ್ಮನಿಯ ಹ್ಯಾಂಬರ್ಗ್‌ನ ಒಂದು ಪತ್ರಿಕೆಯಲ್ಲಿ ಸಿಸ್ಟಂ ನೋಡಿಕೊಳ್ಳುವವರ ಕಣ್ಣೆದುರಿಗೇ ಚಿತ್ರಸಂಗ್ರಹದ ಸುಮಾರು 2,000 ಡಿಜಿಟಲ್ ಫೋಟೋಗಳು ನುಂಗಿಹೋದವು. ಸುದ್ದಿಮನೆಯಲ್ಲಿ ಕೆಲಸ ಮಾಡಿದವರಿಗೆ ಆ ಸಂಕಟ ಏನೂಂತ ಗೊತ್ತಾಗುತ್ತೆ. ಹಳೇ ಫೋಟೋ ಹೋದರೆ ಹೋಯಿತು, ಸತ್ತವರು ಮತ್ತೊಮ್ಮೆ ಬಂದು ಪೋಸ್ ಕೊಡೋದಿಲ್ಲ.

ಸರಿ. ಮರುದಿನದಿಂದ ಶುರುವಾಯ್ತು ನೋಡಿ ಅಸಲಿ ಜಗಳ. ಕೆಳಗಿನ ಮಹಡಿಯಿಂದ ಐಟಿಯವರು ಕೂಗಿದರು: ‘ಸಾವಿರ ಸಲ ಹೇಳಿದ್ವಿ, ಕಂಡಕಂಡ ಅಟ್ಯಾಚ್‌ಮೆಂಟ್ ತೆರೀಬೇಡಿ ಅಂತ. ನಿಮಗೆ ಬುದ್ಧಿ ಇಲ್ವಾ?’ ಮೇಲಿನ ಮಹಡಿಯವರು ತಿರುಗಿ ಕೂಗಿದರು: ‘ನಿಮಗೆ ಸಂಬಳ ಕೊಡೋದು ಯಾಕ್ರೀ? ಅದು ಒಳಗೆ ಬರೋದಕ್ಕೆ ಬಿಟ್ಟಿದ್ದು ಯಾರು?’ ಈ ಜಗಳ ಇವತ್ತಿಗೂ ಮುಗಿದಿಲ್ಲ. ನಿಮ್ಮ ಆಫೀಸಿನಲ್ಲೂ ಇದೆ, ನಮ್ಮಲ್ಲೂ ಇದೆ.

ಯಾರದ್ದು ಸರಿ? ತೀರ್ಪು ಕೊಡೋದಕ್ಕೆ ಮುಂಚೆ ಆ ಪ್ರೇಮಪತ್ರದ ಹೆಸರನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಆ ಫೈಲಿನ ಪೂರ್ತಿ ಹೆಸರಿನ ಕೊನೆಯಲ್ಲಿ ಎರಡು ಬಾಲಗಳಿದ್ದವು. ಮೊದಲನೆಯದು ಟಿಎಕ್ಸ್‌ಟಿ, ಅಂದರೆ ಬರೀ ಅಕ್ಷರಗಳಿರುವ ನಿರುಪದ್ರವಿ ಫೈಲು. ಎರಡನೆಯದು ವಿಬಿಎಸ್, ಅಂದರೆ ಕಂಪ್ಯೂಟರಿಗೆ ಆಜ್ಞೆ ಕೊಡುವ ಪ್ರೋಗ್ರಾಂ. ಆದರೆ ವಿಂಡೋಸ್ ಏನು ಮಾಡ್ತಿತ್ತು ಗೊತ್ತಾ? ತನಗೆ ಪರಿಚಯವಿರುವ ಬಾಲವನ್ನು ಬಚ್ಚಿಡುತ್ತಿತ್ತು. ನೋಡೋಕೆ ಅಚ್ಚುಕಟ್ಟಾಗಿರಲಿ ಅಂತ! ಹಾಗಾಗಿ ಎಷ್ಟೋ ಪರದೆಗಳ ಮೇಲೆ ಕಂಡಿದ್ದು ಟಿಎಕ್ಸ್‌ಟಿ ಮಾತ್ರ. ಹಾವಿನ ಬಾಲ ಮುಚ್ಚಿ, ಇದು ಹಗ್ಗ ಅಂತ ಕೈಗೆ ಕೊಟ್ಟ ಹಾಗೆ.

ಇನ್ನೂ ಒಂದಿದೆ. ಆ ಕಾಲದಲ್ಲಿ ಉದ್ಯೋಗಿಗಳಿಗೆ ಬಾಯಿಪಾಠ ಮಾಡಿಸಿದ್ದ ನಿಯಮ ಯಾವುದು? ಗುರುತಿಲ್ಲದವರ ಮೇಲ್ ತೆರೀಬೇಡಿ. ಇಲ್ಲಿ ಬಂದಿದ್ದು ಗುರುತಿರುವವರ ಮೇಲ್. ಅಂದರೆ ತೆರೆದವರು ನಿಯಮ ಮುರಿಯಲಿಲ್ಲ ಸ್ವಾಮಿ. ನಿಯಮ ಪಾಲಿಸಿಯೇ ಹಳ್ಳಕ್ಕೆ ಬಿದ್ದರು.

ಹಾಗಂತ ಇದು ಮೊದಲನೇ ಸಲವೂ ಅಲ್ಲ. 1987ರ ಡಿಸೆಂಬರ್‌ನಲ್ಲಿ ಪಶ್ಚಿಮ ಜರ್ಮನಿಯ ಒಬ್ಬ ವಿದ್ಯಾರ್ಥಿ ಕ್ರಿಸ್‌ಮಸ್ ಶುಭಾಶಯದ ಒಂದು ಪ್ರೋಗ್ರಾಂ ಬರೆದ. ಓಡಿಸಿದರೆ ಪರದೆಯ ಮೇಲೆ ಅಕ್ಷರಗಳಿಂದ ಒಂದು ಮರ ಮೂಡುತ್ತಿತ್ತು. ಚೆಂದ. ಆದರೆ ಮರ ತೋರಿಸುವಷ್ಟರಲ್ಲೇ ಅದು ನಿಮ್ಮ ಪರಿಚಯದವರ ಪಟ್ಟಿ ತೆಗೆದು ಎಲ್ಲರಿಗೂ ತನ್ನ ನಕಲು ಕಳಿಸುತ್ತಿತ್ತು. ವಿಶ್ವವಿದ್ಯಾಲಯಗಳ ಜಾಲದಿಂದ ಐಬಿಎಂ ಕಂಪನಿಯ ಒಳಜಾಲಕ್ಕೆ ನುಗ್ಗಿ ಅದನ್ನು ಉಸಿರುಗಟ್ಟಿಸಿತು. ಐಬಿಎಂ! ಕಂಪ್ಯೂಟರ್ ಅಂದರೆ ಐಬಿಎಂ ಅನ್ನುತ್ತಿದ್ದ ಕಾಲದಲ್ಲಿ, ಕಂಪ್ಯೂಟರ್ ಮಾಡುವವರೇ ಮರ ನೋಡಲು ಹೋಗಿ ಬಿದ್ದರು.

1999ರ ಮಾರ್ಚ್ 26ರಂದು ಮೆಲಿಸ್ಸಾ ಬಂದಳು. ನ್ಯೂಜೆರ್ಸಿಯ ಡೇವಿಡ್ ಸ್ಮಿತ್ ಎಂಬಾತ ವರ್ಡ್ ಫೈಲಿನಲ್ಲಿ ಅಡಗಿಸಿ ಬಿಟ್ಟ ವೈರಸ್ ಅದು. ನೀವು ಕೇಳಿದ್ದ ಆ ಡಾಕ್ಯುಮೆಂಟ್ ಇಲ್ಲಿದೆ, ಬೇರೆ ಯಾರಿಗೂ ತೋರಿಸಬೇಡಿ ಅನ್ನುವ ಅರ್ಥದ ಮೇಲ್. ತೆರೆದರೆ ಒಳಗೆ ಅಶ್ಲೀಲ ತಾಣಗಳ ಪಾಸ್‌ವರ್ಡ್ ಪಟ್ಟಿ. ತೆರೆದವರ ವಿಳಾಸಪಟ್ಟಿಯ ಮೊದಲ 50 ಜನಕ್ಕೆ ಅದೇ ಮೇಲ್. ಮೈಕ್ರೋಸಾಫ್ಟ್ ಕಂಪನಿಯೇ ಮೇಲ್ ಹೊರಗೆ ಹೋಗದಂತೆ ತಡೆಯಬೇಕಾಗಿ ಬಂತು. ಈಗ ಯೋಚನೆ ಮಾಡಿ, ಇದನ್ನು ತೆರೆದ ಒಬ್ಬ ಗುಮಾಸ್ತ ಹೋಗಿ ಸಿಸ್ಟಂ ರೂಮಿನಲ್ಲಿ ಏನಂತ ಹೇಳಬೇಕು? ಯಾವ ಬಾಯಲ್ಲಿ ಹೇಳಬೇಕು?

ಸುಮ್ಮನಿರ್ತಾನೆ. ವೈರಸ್ಸಿಗೆ ಬೇಕಾಗಿರೋದೂ ಅಷ್ಟೇ.

2001ರ ಫೆಬ್ರವರಿಯಲ್ಲಿ ಟೆನಿಸ್ ತಾರೆ ಅನ್ನಾ ಕೂರ್ನಿಕೋವಾ ಹೆಸರಿನ ಹುಳ ಬಂತಲ್ಲ, ಆಗ ನಾನಿದ್ದ ಆಫೀಸಿನ ಡೆಸ್ಕ್‌ನಲ್ಲಿ ಇ-ಮೇಲ್ ಬರ್ತಿದ್ದುದು ಮೂರೋ ನಾಲ್ಕೋ ಕಂಪ್ಯೂಟರಿಗೆ. ಒಬ್ಬರು ಹಿರಿಯರಿದ್ದರು. ಪಂಚಾಯಿತಿ ಸುದ್ದಿಯಿಂದ ಪಾರ್ಲಿಮೆಂಟ್ ಸುದ್ದಿಯವರೆಗೆ ಕಣ್ಣು ಮುಚ್ಚಿಕೊಂಡು ತಿದ್ದುತ್ತಿದ್ದವರು. ಒಂದು ದಿನ ಕುರ್ಚಿ ಬಿಟ್ಟು ಎದ್ದು ಸೀದಾ ಕ್ಯಾಂಟೀನಿಗೆ ಹೋದರು. ಬರಲೇ ಇಲ್ಲ. ಇತ್ತ ಮೇಲ್ ಹೋಗ್ತಿಲ್ಲ, ಬರ್ತಿಲ್ಲ. ಸಿಸ್ಟಂ ರೂಮಿನ ಹುಡುಗ ಮೋಡೆಮ್ ಬಿಚ್ಚಿ ಜೋಡಿಸಿದ, ಟೆಲಿಫೋನಿನವರಿಗೆ ಫೋನ್ ಮೇಲೆ ಫೋನ್ ಮಾಡಿದ. ಮಧ್ಯಾಹ್ನ ಕಳೆಯಿತು. ಕೊನೆಗೆ ಆ ಹಿರಿಯರ ಕಂಪ್ಯೂಟರ್ ಮುಂದೆ ಕೂತವನು ಇಡೀ ಡೆಸ್ಕಿಗೆ ಕೇಳುವ ಹಾಗೆ ಕೂಗಿದ: ‘ಏನ್ ಸಾರ್, ಕೊನೆಗೂ ನೋಡಿದ್ರಾ ಅವಳನ್ನ?’

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ಮನುಷ್ಯ ಆಮೇಲೆ ತಿಂಗಳುಗಟ್ಟಲೆ ಆ ಹುಡುಗನ ಜೊತೆ ಮಾತಾಡಲಿಲ್ಲ. ಪ್ರಿಂಟರ್ ಕೆಟ್ಟರೆ ಕೈಯಲ್ಲಿ ಬರೆದರೇ ಹೊರತು ಅವನನ್ನು ಕರೆಯಲಿಲ್ಲ.

ಆ ಹುಳ ಮಾಡಿದವನ ಕಥೆ ಕೇಳಿ, ತಮಾಷೆಯಾಗಿದೆ. ನೆದರ್‌ಲೆಂಡ್ಸ್‌ನ ಸ್ನೇಕ್ ಎಂಬ ಊರಿನ 20 ವರ್ಷದ ಹುಡುಗ. ಯಾರೋ ಮಾಡಿಟ್ಟಿದ್ದ ರೆಡಿಮೇಡ್ ಸಾಧನ ಬಳಸಿ ತಯಾರಿಸಿದ್ದು. ತೆರೆದವರದ್ದೇ ತಪ್ಪು ಅಂತ ಬೇರೆ ಬರೆದುಕೊಂಡಿದ್ದ. ಶಿಕ್ಷೆ 150 ಗಂಟೆಗಳ ಸಮುದಾಯ ಸೇವೆ. ಅವನ ಊರಿನ ಮೇಯರ್ ಅವನನ್ನು ಹೊಗಳಿ, ನಗರಸಭೆಯ ಕಂಪ್ಯೂಟರ್ ವಿಭಾಗದ ಕೆಲಸಕ್ಕೆ ಕರೆಯುವ ಮಾತಾಡಿದರು! ಹುಳ ಮಾಡಿದವನಿಗೆ ಕೆಲಸದ ಮಾತು, ಹುಳ ಕಡಿಸಿಕೊಂಡವನಿಗೆ ಛೀಮಾರಿ.

ಈ ತಾತ್ಸಾರಕ್ಕೆ ಹಳೇ ಬೇರಿದೆ. ಕಂಪ್ಯೂಟರ್ ಮಂದಿಯ ಆಡುಮಾತು ದಾಖಲಿಸಿರುವ ‘ಜಾರ್ಗನ್ ಫೈಲ್’ ಎಂಬ ಕೋಶದಲ್ಲಿ ಒಂದು ಕಥೆಯಿದೆ. 1975ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಕಂಪ್ಯೂಟರ್ ಮುಂದೆ ಕೂತರೆ, ಸದ್ಯ ಎಷ್ಟು ಜನ ಬಳಸುತ್ತಿದ್ದಾರೆ ಅಂತ ಅದು ತೋರಿಸುತ್ತಿತ್ತು. 14 ಯೂಸರ್ಸ್ ಅಂತ. ಯಾರೋ ತಮಾಷೆಗೆ ಅದನ್ನು ಲೂಸರ್ಸ್ ಅಂತ ತಿದ್ದಿದರು! ಇನ್ನೊಬ್ಬರು ಮತ್ತೆ ಬದಲಾಯಿಸಿದರು. ಎಳೆದಾಟ ನಡೆದು ಕೊನೆಗೆ ಎರಡೂ ಪದಗಳ ಸ್ಪೆಲಿಂಗ್ ಬೆರೆಸಿ ಒಂದು ಹೊಸ ಪದ ಉಳಿಯಿತು. ಉಚ್ಚಾರ ಮಾತ್ರ ಲೂಸರೇ. ಬಳಕೆದಾರ ಅಂದರೆ ದಡ್ಡ ಅನ್ನೋ ಭಾವನೆ ಹೀಗೆ ಪದದಲ್ಲೇ ಸೇರಿಕೊಂಡಿತು.

ಇದು ತಪ್ಪು ಅಂತ ಐಟಿ ಜಗತ್ತಿನ ಒಳಗಿಂದಲೇ ಹೇಳಿದವರಿದ್ದಾರೆ. 1999ರಲ್ಲೇ, ಅಂದರೆ ಪ್ರೇಮಪತ್ರ ಬರುವುದಕ್ಕೆ ಮುಂಚೆಯೇ, ಲಂಡನ್‌ನ ಆನ್ ಆಡಮ್ಸ್ ಮತ್ತು ಏಂಜೆಲಾ ಸಾಸ್ ಎಂಬ ಇಬ್ಬರು ಮಹಿಳೆಯರು ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ಶೀರ್ಷಿಕೆಯ ಅರ್ಥ: ಬಳಕೆದಾರರು ಶತ್ರುಗಳಲ್ಲ. ಉದ್ಯೋಗಿಗಳು ಹುಟ್ಟಾ ಸೋಮಾರಿಗಳಲ್ಲ, ಪಾಲಿಸಲಾಗದ ನಿಯಮ ಹೇರಿ, ಕಾರಣವನ್ನೇ ತಿಳಿಸದೆ ಇದ್ದರೆ ಜನ ಅಡ್ಡದಾರಿ ಹುಡುಕುತ್ತಾರೆ ಅನ್ನೋದು ಅವರು ಕಂಡುಕೊಂಡ ಸಂಗತಿ. ಎಷ್ಟು ಆಫೀಸುಗಳು ಓದಿದವು?

ಪಾಸ್‌ವರ್ಡಿನ ಕಥೆಯನ್ನೇ ತಗೊಳ್ಳಿ. ದೊಡ್ಡಕ್ಷರ ಇರಬೇಕು, ಅಂಕಿ ಇರಬೇಕು, ಚಿಹ್ನೆ ಇರಬೇಕು, ಆಗಾಗ ಬದಲಾಯಿಸ್ತಾ ಇರಬೇಕು ಅಂತ ಐಟಿಯವರು ನಮ್ಮ ಜೀವ ತಿಂದರಲ್ಲ, ಆ ಸಲಹೆಯನ್ನು 2003ರಲ್ಲಿ ಅಮೆರಿಕ ಸರ್ಕಾರದ ಮಾನಕ ಸಂಸ್ಥೆಗಾಗಿ ಬರೆದವರು ಬಿಲ್ ಬರ್. 2017ರಲ್ಲಿ, ನಿವೃತ್ತರಾದ ಮೇಲೆ, ಅದರಲ್ಲಿ ಬಹುಪಾಲಿಗೆ ತಾನೀಗ ಪಶ್ಚಾತ್ತಾಪಪಡುವುದಾಗಿ ಅವರೇ ಪತ್ರಿಕೆಯೊಂದಕ್ಕೆ ಹೇಳಿದರು. ಆ ಸಂಸ್ಥೆಯೂ ನಿಯಮ ಬದಲಿಸಿತು. ನಮ್ಮಲ್ಲಿ ಎಷ್ಟೋ ಆಫೀಸುಗಳಲ್ಲಿ ಇನ್ನೂ ಅದೇ ನಡೀತಿದೆ, ಮಾನಿಟರಿನ ಅಂಚಿಗೆ ಹಳದಿ ಚೀಟಿ ಅಂಟಿಸಿಕೊಂಡು.

ಐಟಿಯವರ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತೆ. ಎಲ್ಲಾ ಸರಿಯಾಗಿದ್ದರೆ ಇವರಿಗೇನು ಕೆಲಸ ಅಂತಾರೆ. ಕೆಟ್ಟರೆ ಇವರೇನು ಕೆಲಸ ಮಾಡ್ತಾರೆ ಅಂತಾರೆ. ಆ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ರಾತ್ರಿಯಿಡೀ ಒಂದೊಂದೇ ಕಂಪ್ಯೂಟರ್ ತೊಳೆದವರು ಅವರೇ. ತಪ್ಪು ಅವರು ಬರೆದ ಸಾಫ್ಟ್‌ವೇರಿನದ್ದೂ ಅಲ್ಲ. ಮೇಲ್ ಮೂಲಕ ಬಂದ ಅಪಾಯಕಾರಿ ಫೈಲುಗಳನ್ನು ತಡೆಯುವ ಔಟ್‌ಲುಕ್ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಹೊರತಂದದ್ದು ಪ್ರೇಮಪತ್ರ ಬಂದು ಹೋದ ಮೇಲೆ. ಇನ್ನು ಮೆಲಿಸ್ಸಾ ಬಳಸಿದ ಮ್ಯಾಕ್ರೋ ಇದೆಯಲ್ಲ, ಇಂಟರ್‌ನೆಟ್‌ನಿಂದ ಬಂದ ಫೈಲುಗಳಲ್ಲಿ ಅದು ತಾನಾಗಿಯೇ ಬಂದ್ ಆಗುವ ವ್ಯವಸ್ಥೆ ಬಂದಿದ್ದು 2022ರಲ್ಲಿ. ಲೆಕ್ಕ ಹಾಕಿ, 23 ವರ್ಷ! ಅಷ್ಟೂ ವರ್ಷ ಮೇಲಿನ ಮಹಡಿ, ಕೆಳಗಿನ ಮಹಡಿ ಪರಸ್ಪರ ಬೈದುಕೊಂಡು ಕಾಲ ಕಳೆದವು.

ಪ್ರೇಮಪತ್ರ ಬರೆದವನು ಓನೆಲ್ ಡಿ ಗುಜ್ಮನ್. ಮನಿಲಾದ ಎಎಂಎ ಕಂಪ್ಯೂಟರ್ ಕಾಲೇಜಿನ ವಿದ್ಯಾರ್ಥಿ. ಬೇರೆಯವರ ಇಂಟರ್‌ನೆಟ್ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಮಾಡ್ತೀನಿ, ಬಡವರಿಗೂ ಇಂಟರ್‌ನೆಟ್ ಸಿಗಲಿ ಅಂತ ಪ್ರಬಂಧದ ಪ್ರಸ್ತಾವ ಕೊಟ್ಟಿದ್ದ. ಕಾಲೇಜು ತಿರಸ್ಕರಿಸಿತ್ತು. ಪೊಲೀಸರು ಅವನವರೆಗೆ ಹೋದರು, ಆದರೆ ಕೇಸು ನಿಲ್ಲಲಿಲ್ಲ. ಫಿಲಿಪೀನ್ಸ್‌ನಲ್ಲಿ ಆಗ ಇಂಥದ್ದಕ್ಕೆ ಕಾನೂನೇ ಇರಲಿಲ್ಲ! ಮರುತಿಂಗಳು, ಜೂನ್‌ನಲ್ಲಿ, ಕಾನೂನು ಬಂತು. ಹಿಂದಿನ ತಪ್ಪಿಗೆ ಅದು ಅನ್ವಯಿಸೋದಿಲ್ಲ. ಆಗಸ್ಟ್‌ನಲ್ಲಿ ಆರೋಪ ಕೈಬಿಟ್ಟರು. ಸುಮಾರು 20 ವರ್ಷಗಳ ನಂತರ ಬ್ರಿಟಿಷ್ ಪತ್ರಕರ್ತ ಜೆಫ್ ವೈಟ್ ಅವನನ್ನು ಹುಡುಕಿಕೊಂಡು ಹೋದಾಗ ಅವನು ಮನಿಲಾದಲ್ಲಿ ಸಣ್ಣದೊಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ಹೌದು, ನಾನೇ ಬರೆದಿದ್ದು ಅಂತ ಒಪ್ಪಿಕೊಂಡ.

ಈಗ ವೈರಸ್ಸಿಗಿಂತ ಪಾಠ ಕಲಿಸೋ ಹುಚ್ಚು ಜೋರಾಗಿದೆ. ಐಟಿಯವರೇ ಸುಳ್ಳು ಮೇಲ್ ಕಳಿಸಿ ಯಾರು ಬೀಳ್ತಾರೆ ಅಂತ ನೋಡ್ತಾರೆ. 2020ರ ಡಿಸೆಂಬರ್, ಕೋವಿಡ್ ವರ್ಷ. ಅಮೆರಿಕದ ಗೋಡ್ಯಾಡಿ ಕಂಪನಿ ತನ್ನ ಉದ್ಯೋಗಿಗಳಿಗೆ 650 ಡಾಲರ್ ಹಬ್ಬದ ಬೋನಸ್ ಅಂತ ಮೇಲ್ ಕಳಿಸಿತು. ಸುಮಾರು 500 ಜನ ಆಸೆಯಿಂದ ಕ್ಲಿಕ್ ಮಾಡಿದರು. ನೀವು ಪರೀಕ್ಷೆಯಲ್ಲಿ ಫೇಲು, ಮತ್ತೆ ತರಬೇತಿಗೆ ಬನ್ನಿ ಅಂತ ಉತ್ತರ! ಗಲಾಟೆಯಾಗಿ ಕಂಪನಿ ಕ್ಷಮೆ ಕೇಳಿತು. ಮರುವರ್ಷ ಬ್ರಿಟನ್ನಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ರೈಲು ಕಂಪನಿ ಅದನ್ನೇ ಮಾಡಿತು. ಕೋವಿಡ್‌ನಲ್ಲಿ ದುಡಿದಿದ್ದಕ್ಕೆ ಬೋನಸ್ ಅಂತ ಮೇಲ್. ಕಾರ್ಮಿಕ ಸಂಘ ಕೆಂಡಾಮಂಡಲವಾಯಿತು. ಹೀಗೆ ಅವಮಾನ ಮಾಡಿಸಿಕೊಂಡವನು ನಾಳೆ ನಿಜವಾದ ಕಳ್ಳಮೇಲ್ ತೆರೆದರೆ ಓಡಿಬಂದು ಹೇಳ್ತಾನಾ? ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಅಂತ 2022ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರದ ಸರ್ಟ್-ಇನ್ ಆದೇಶ ಮಾಡಿದೆ. ಆದರೆ ಗೊತ್ತಾಗಬೇಕಲ್ಲ? ಕ್ಲಿಕ್ ಮಾಡಿದವನು ಬಾಯಿ ಬಿಟ್ಟರೆ ತಾನೇ ಗೊತ್ತಾಗೋದು?

ನಮ್ಮ ಆ ಹಿರಿಯರು ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದ್ದರು. ಊಟದ ಸಾಲಿನಲ್ಲಿ ಪಕ್ಕದಲ್ಲೇ ಕೂತೆ. ಅದೂ ಇದೂ ಮಾತಾಡ್ತಾ, ಧೈರ್ಯ ಮಾಡಿ ಆ ದಿನದ ವಿಷಯ ಎತ್ತಿದೆ. ‘ಅವತ್ತು ಸುಮ್ಮನೆ ಎದ್ದು ಹೋದ್ರಲ್ಲ ಸಾರ್, ಆಗಲೇ ಹೇಳಿದ್ದಿದ್ರೆ ಅರ್ಧ ದಿನ ಉಳೀತಿತ್ತು.’

ಅವರು ಹೋಳಿಗೆ ಮುರೀತಾ ನನ್ನ ಕಡೆ ನೋಡದೇ ಅಂದರು: ‘ಹೇಳಿದ್ರೆ ಮೇಲ್ ಯಾರಿಂದ ಬಂತು ಅಂತ ಕೇಳ್ತಿದ್ದ ಕಣಯ್ಯ ಆ ಹುಡುಗ. ಅದು ಬಂದಿದ್ದು ನಿನ್ನ ಹೆಸರಿಂದ.’

ನಿಜ. ಅವರಿಗಿಂತ ಹತ್ತು ನಿಮಿಷ ಮುಂಚೆ ನಾನು ತೆರೆದಿದ್ದೆ. ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ.