ತೋಟೆಯ ಅಳತೆ

ಆಂಡರ್ಸನ್‌ಪೇಟೆಯ ನಮ್ಮ ಮನೆಯ ಗೋಡೆಗೆ ಜೋಡುನಳಿಗೆಯ ಬಂದೂಕೊಂದು ತೂಗುತ್ತಿತ್ತು. 1880ರಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಕಂಪೆನಿಯ ಕಾಲ ಮುಗಿದು, 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. ಆಗ ಸ್ವದೇಶಕ್ಕೆ ಹೊರಟ ಇಂಗ್ಲಿಷರೊಬ್ಬರಿಂದ ನಮ್ಮ ದೊಡ್ಡಪ್ಪ ಅದನ್ನು ಕೊಂಡಿದ್ದರು. ಲೈಸೆನ್ಸಿನಲ್ಲಿ ಅದರ ಹೆಸರು ಡಿ.ಬಿ.ಬಿ.ಎಲ್., ಹನ್ನೆರಡು ಬೋರು. ಬೇತಮಂಗಲದ ಕಡೆ ನಮಗಿದ್ದ ಕಡಲೆಕಾಯಿ ಹೊಲಕ್ಕೆ ಹಂದಿ ಬೀಳದಂತೆ ಸದ್ದು ಮಾಡಿ ಬೆದರಿಸುವುದು ಅದರ ಕೆಲಸ.

1960ರ ದಶಕದ ಒಂದು ಸಂಜೆ ದೊಡ್ಡಪ್ಪ ನನಗೆ ಗುರಿ ಕಲಿಸಲು ಒಪ್ಪಿದರು. ಸ್ನೇಹಿತರೊಬ್ಬರು ಬೆಂಗಳೂರಿನಿಂದ ತಂದುಕೊಟ್ಟ ಹೊಸ ತೋಟೆಗಳಿದ್ದವು. ಹನ್ನೆರಡು ಬೋರಿನವೇ. ನಳಿಗೆ ಬಾಗಿಸಿ ಒಂದನ್ನು ಇಳಿಸಿದೆ, ಸರಾಗವಾಗಿ ಕುಳಿತಿತು. ದೊಡ್ಡಪ್ಪ ಪೆಟ್ಟಿಗೆಯ ಮೇಲಿನ ಬರಹ ನೋಡಿದವರೇ ನನ್ನ ಕೈ ಹಿಡಿದರು.

“ತೆಗಿ ಹೊರಗೆ.”

“ಸರಿಯಾಗಿ ಕೂತಿದೆಯಲ್ಲ, ದೊಡ್ಡಪ್ಪ?”

“ಕೂತಿದೆಯಪ್ಪ. ಅರಳುವುದಕ್ಕೆ ಜಾಗ ಎಲ್ಲಿದೆ?”

ಆ ಪ್ರಶ್ನೆಯ ಹಿಂದೆ ಒಂದು ಶತಮಾನದ ಚರಿತ್ರೆಯಿದೆ. ಮೂತಿಯಿಂದ ಮದ್ದು ಜಡಿಯುತ್ತಿದ್ದ ಕೇಪಿನ ಕೋವಿಗೆ ತೋಟೆಯೇ ಇಲ್ಲದ್ದರಿಂದ ಅದರ ಉದ್ದದ ಚಿಂತೆಯೂ ಇರಲಿಲ್ಲ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಷೆ ಹಿಂದಿನಿಂದ ತೋಟೆ ತುಂಬುವ ಬಂದೂಕನ್ನಿಟ್ಟ ಮೇಲೆ ಬ್ರಿಟನ್ನಿನ ಕುಶಲಕರ್ಮಿಗಳು ಆ ದಾರಿ ಹಿಡಿದರು. ಬೋರಿನ ಲೆಕ್ಕ ಮಾತ್ರ ಹಳೆಯದೇ ಉಳಿಯಿತು: ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿಸಿದರೆ ಒಂದೊಂದರ ಅಗಲವೇ ಹನ್ನೆರಡು ಬೋರು, ಸುಮಾರು 18.5 ಮಿಲಿಮೀಟರು. ಅದು ನಳಿಗೆಯ ಅಗಲ ಹೇಳುತ್ತದೆ. ತೋಟೆಯ ಉದ್ದ ಹೇಳುವುದಿಲ್ಲ. ಇಂಗ್ಲಿಷರ ಹಗುರವಾದ ಬಂದೂಕುಗಳಲ್ಲಿ ತೋಟೆಯ ಮನೆ ಸಾಮಾನ್ಯವಾಗಿ ಎರಡೂವರೆ ಅಂಗುಲ, ಎಂದರೆ ಇಂದಿನ 65 ಮಿಲಿಮೀಟರಿನ ತೋಟೆಗೆ ತಕ್ಕದ್ದು. ಅಮೆರಿಕದಲ್ಲಿ ನೆಲೆಗೊಂಡ ಅಳತೆ ಎರಡೂ ಮುಕ್ಕಾಲು ಅಂಗುಲ, 70 ಮಿಲಿಮೀಟರು.

ಮೋಸವಿರುವುದು ಇಲ್ಲಿಯೇ. ಪೆಟ್ಟಿಗೆಯ ಮೇಲಿನ ಅಂಕಿ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಬಾಯಿ ಮಡಿಸಿದ್ದಾಗ 70ರ ತೋಟೆ 65ರ ಮನೆಯಲ್ಲಿ ಹಿಡಿಸಿಬಿಡುತ್ತದೆ. ಹಾರಿಸಿದಾಗ ಅದರ ಬಾಯಿ ಮುಂದಿನ ಕಿರಿದಾದ ಭಾಗಕ್ಕೆ ಚಾಚಿಕೊಂಡು ಚರೆಯ ದಾರಿಯನ್ನು ಬಿಗಿಯುತ್ತದೆ, ಒತ್ತಡ ಏರುತ್ತದೆ. ಹಳೆಯ ನಳಿಗೆ ಸೀಳಿದರೆ ಅಪಾಯ ಮೊದಲು ಅದರ ಕೆಳಗೆ ಹಿಡಿದ ಎಡಗೈಗೆ. ಉದ್ದನೆಯ ಮನೆಗೆ ಗಿಡ್ಡ ತೋಟೆ ಹಾಕಿದರೆ ಈ ಭಯವಿಲ್ಲ.

ದೊಡ್ಡಪ್ಪ ನಳಿಗೆಗಳನ್ನು ಕಳಚಿ ಅಡಿಯಲ್ಲಿದ್ದ ಮುದ್ರೆಯನ್ನು ತೋರಿಸಿದರು: ಎರಡೂವರೆ. ಆ ದಿನ ನಾನು ಗುರಿ ಕಲಿಯಲಿಲ್ಲ, ಓದುವುದನ್ನು ಕಲಿತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಷಿಕಾರಿಯ ಕಾಲ ಮುಗಿಯಿತು. 2001ರ ಫೆಬ್ರವರಿ 28ರಂದು ಗಣಿಗಳೂ ಮುಚ್ಚಿದವು. ಆದರೂ ಕ್ರೀಡೆಗೆಂದೋ ಬೆಳೆ ಕಾಯಲೆಂದೋ ಲೈಸೆನ್ಸು ಪಡೆದು ಮೊದಲ ಬಂದೂಕು ಕೊಳ್ಳುವವರು ಇಂದಿಗೂ ಉಂಟು. ಅಂಥವರು ಕೆತ್ತನೆಗೆ ಮರುಳಾಗದೆ, ಹೆಗಲಿಗೆ ಹೊಂದುವ, ತೀರ ಹಗುರವಲ್ಲದ ಬಂದೂಕನ್ನು ಆರಿಸಲಿ. ಹಗುರವಾದಷ್ಟೂ ಅದು ಹೆಗಲನ್ನು ಒದೆಯುತ್ತದೆ. ಹಿರಿಯರಿಂದ ಬಂದದ್ದಾದರೆ ಮುದ್ರೆಯೊಂದನ್ನೇ ನಂಬದೆ, ಬಲ್ಲ ರಿಪೇರಿಯವರಿಂದ ತೋಟೆಯ ಮನೆಯನ್ನು ಅಳೆಯಿಸಲಿ. ಒಳಗೆ ಹಿಡಿಸಿದ್ದೆಲ್ಲ ಒಗ್ಗಿದ್ದಲ್ಲ ಎಂಬುದನ್ನು ನಾನು ತಿಳಿದದ್ದು ಆ ಸಂಜೆ. ನನ್ನ ಎಡಗೈಯ ಐದು ಬೆರಳೂ ಇನ್ನೂ ಇವೆ.